ಬೆಲ್ಲ ಏನು ಆಕಾಶದಿಂದ ಉದುರಿತಾ?

ನಿನ್ನೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟ ಮುಗಿದು ಕಾಫಿ ಬಂತು. ನಮ್ಮ ಮಾವ ಜೇಬಿನಿಂದ ಪುಟ್ಟ ಬಿಳಿ ಡಬ್ಬಿ ತೆಗೆದರು. ಹೆಬ್ಬೆರಳಲ್ಲಿ ಒತ್ತಿದರೆ ಮೆಣಸಿನ ಕಾಳಿನಷ್ಟು ಮಾತ್ರೆ ಟಕ್ ಅಂತ ಲೋಟಕ್ಕೆ ಬೀಳುತ್ತದಲ್ಲ, ಸಕ್ಕರೆ ಬದಲಿಗೆ ಹಾಕುವ ಸಿಹಿ ಮಾತ್ರೆ, ಅದೇ. ಅಷ್ಟರಲ್ಲಿ ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೈ ಹಿಡಿದೇಬಿಟ್ಟರು. "ಅಯ್ಯೋ ಬೇಡಿ ಕಣ್ರೀ, ಅದು ಬರೀ ಕೆಮಿಕಲ್ಲು! ಬೆಲ್ಲದ ಕಾಫಿ ಕುಡೀರಿ. ನ್ಯಾಚುರಲ್ಲು, ಶುಗರ್‌ಗೆ ಏನೂ ಆಗಲ್ಲ."

ಮಾವ ಇಂಥ ಒಂದು ಮಾತಿಗೇ ವರ್ಷಗಳಿಂದ ಕಾಯುತ್ತಿದ್ದರು ಅಂತ ಕಾಣುತ್ತೆ. ಡಬ್ಬಿ ಜೇಬಿಗೆ ಹೋಯಿತು. ಎರಡು ಲೋಟ ಬೆಲ್ಲದ ಕಾಫಿ ಹೊಟ್ಟೆಗೆ ಹೋಯಿತು.

ಹದಿನೆಂಟು ವರ್ಷ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿದವನು ನಾನು. ಪರರ ಮನೆ ಶುಭಕಾರ್ಯ ಅಂತ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಇಲ್ಲಿ ಮುಚ್ಚಲ್ಲ.

ಬೆಲ್ಲದಲ್ಲಿ ಬಹುಪಾಲು ಇರುವುದು ಸುಕ್ರೋಸ್. ಸಕ್ಕರೆಯಲ್ಲಿ ಇರುವುದೂ ಅದೇ. ಒಂದೇ ಕಬ್ಬಿನ ಇಬ್ಬರು ಮಕ್ಕಳು. ಒಬ್ಬನಿಗೆ ಸ್ನಾನ ಮಾಡಿಸಿ ಬಿಳಿ ಅಂಗಿ ತೊಡಿಸಿದ್ದಾರೆ, ಇನ್ನೊಬ್ಬ ಗದ್ದೆಯಿಂದ ಹಾಗೇ ಎದ್ದು ಬಂದಿದ್ದಾನೆ. ಖನಿಜ ಒಂಚೂರು ಜಾಸ್ತಿ ಇರಬಹುದು, ಸರಿ. ಆದರೆ ಎರಡರ ಸುಕ್ರೋಸೂ ಹೊಟ್ಟೆಯಲ್ಲಿ ಒಡೆದು ಗ್ಲೂಕೋಸ್ ಕೊಡುತ್ತೆ, ರಕ್ತಕ್ಕೆ ಇಳಿದ ಮೇಲೆ ಗ್ಲೂಕೋಸ್ ಗ್ಲೂಕೋಸೇ. ಇನ್ನು ಬೆಲ್ಲ ಹಳದಿಯಾಗಿ ಹೊಳೆಯಲಿ ಅಂತ ಕೆಲವು ಆಲೆಮನೆಗಳಲ್ಲಿ ಕೊಪ್ಪರಿಗೆಗೆ ಹಾಕುವ ಹೈಡ್ರೋಸ್ ಪುಡಿ ಯಾವ ಗಿಡದಲ್ಲಿ ಬಿಡುತ್ತೆ ಸ್ವಾಮಿ?

ಈಗ ಆ 'ಕೆಮಿಕಲ್ಲಿ'ಗೆ ಬರೋಣ. ಮಾವನ ಡಬ್ಬಿಯಲ್ಲಿರುವುದು ಆಸ್ಪರ್ಟೇಮ್. 1965ರಲ್ಲಿ ಅಮೆರಿಕದ ಸಿಯರ್ಲ್ ಕಂಪನಿಯಲ್ಲಿ ಜೇಮ್ಸ್ ಶ್ಲಾಟರ್ ಹೊಟ್ಟೆಹುಣ್ಣಿನ ಔಷಧಿಗೆ ಅಂತ ಕೆಲಸ ಮಾಡುತ್ತಿದ್ದಾಗ ಸಿಕ್ಕಿದ್ದು. ಕಾಗದ ಎತ್ತಲು ಬೆರಳು ನೆಕ್ಕಿಕೊಂಡ, ಸಿಹಿ! (ನನ್ನ ಲ್ಯಾಬ್‌ನಲ್ಲಿ ಹಾಗೆ ಮಾಡಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆ.) ಅದರಲ್ಲಿರುವುದು ಎರಡು ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳು: ಆಸ್ಪಾರ್ಟಿಕ್ ಆಮ್ಲ ಮತ್ತು ಫಿನೈಲ್‌ಅಲನೀನ್. ಎರಡೂ ನಮ್ಮ ತೊಗರಿಬೇಳೆಯಲ್ಲೇ ಇವೆ. ತುದಿಗೆ ಒಂದು ಮೀಥೈಲ್ ಬಾಲ. ಆ ಬಾಲದಿಂದ ಹೊಟ್ಟೆಯಲ್ಲಿ ಮೆಥನಾಲ್ ಅನ್ನುವ ವಿಷ ಹುಟ್ಟುತ್ತೆ ಅಂತ ವಾಟ್ಸಾಪ್‌ನಲ್ಲಿ ಕಿರುಚುತ್ತಾರೆ. ಹೌದು, ಹುಟ್ಟುತ್ತೆ. ಒಂದು ಮಾತ್ರೆಗೆ 2 ಮಿಲಿಗ್ರಾಂ. ಒಂದು ಲೋಟ ಟೊಮೇಟೊ ರಸದಿಂದ ಅದಕ್ಕಿಂತ ಜಾಸ್ತಿ ಬರುತ್ತೆ.

ತಮಾಷೆ ಏನು ಗೊತ್ತಾ? ಗ್ರಾಂ ಲೆಕ್ಕದಲ್ಲಿ ಆಸ್ಪರ್ಟೇಮ್‌ಗೂ ಸಕ್ಕರೆಯಷ್ಟೇ ಕ್ಯಾಲೊರಿ, ಸುಮಾರು 4. ಆದರೆ ಸಿಹಿ 200 ಪಟ್ಟು. ಒಂದು ಚಮಚ ಸಕ್ಕರೆಯ ಜಾಗಕ್ಕೆ 20 ಮಿಲಿಗ್ರಾಂ, ಅಂದರೆ ಒಂದು ಮಾತ್ರೆ ಸಾಕು. ಲೆಕ್ಕಕ್ಕೇ ಬರುವುದಿಲ್ಲ.

"ಕ್ಯಾನ್ಸರ್ ಬರುತ್ತಂತಲ್ಲಾ?" ಕೇಳುತ್ತೀರಿ, ಗೊತ್ತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು 'ಇರಬಹುದೇನೋ' ಅನ್ನುವ 2ಬಿ ಪಟ್ಟಿಗೆ ಸೇರಿಸಿತು. ಪುರಾವೆ ಎಷ್ಟು ಗಟ್ಟಿ ಅಂತ ಹೇಳುವ ಪಟ್ಟಿ ಅದು, ಅಪಾಯ ಎಷ್ಟು ಅಂತ ಅಲ್ಲ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಪಟ್ಟಿಯಲ್ಲಿದೆ. ನಿನ್ನೆಯ ಹಿರಿಯರು ದಿನಾ ಬೆಳಗ್ಗೆ ಕುಡಿಯುವುದು ಲೋಳೆಸರದ ಜ್ಯೂಸಂತೆ! ಅದೇ ತಿಂಗಳು ಇನ್ನೊಂದು ಸಮಿತಿ, ಕೆಜಿ ತೂಕಕ್ಕೆ ದಿನಕ್ಕೆ 40 ಮಿಲಿಗ್ರಾಂ ಅನ್ನುವ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. 60 ಕೆಜಿಯ ನಮ್ಮ ಮಾವ ಆ ಗೆರೆ ಮುಟ್ಟಬೇಕಾದರೆ ದಿನಕ್ಕೆ 120 ಮಾತ್ರೆ ಬೇಕು. ಅಷ್ಟು ಕಾಫಿ ಕುಡಿದರೆ ಆಸ್ಪರ್ಟೇಮ್‌ಗೆ ಮುಂಚೆ ಕಾಫಿಯೇ ನೋಡಿಕೊಳ್ಳುತ್ತೆ.

ಫಿನೈಲ್‌ಕೀಟೋನ್ಯೂರಿಯಾ ಅನ್ನುವ ಹುಟ್ಟು ಕಾಯಿಲೆ ಇದ್ದವರು ಮಾತ್ರ ಇದನ್ನು ಮುಟ್ಟಬಾರದು. ಡಬ್ಬಿಯ ಮೇಲೇ ಬರೆದಿರುತ್ತಾರೆ. ತೂಕ ಇಳಿಯುತ್ತೆ ಅಂತ ಇದನ್ನು ನೆಚ್ಚಿಕೊಳ್ಳುವುದೂ ಬೇಡ. ಅಷ್ಟೇ.

ಇಷ್ಟೆಲ್ಲ ಹೇಳುವ ನಾನೇನು ಸಾಚಾ ಅಲ್ಲ. ನಾಲ್ಕು ವರ್ಷದ ಹಿಂದೆ ಮಾವನ ಹುಟ್ಟುಹಬ್ಬಕ್ಕೆ ಅಂತ ಕುದಿಯುವ ಸಬ್ಬಕ್ಕಿ ಪಾಯಸಕ್ಕೆ ಇದೇ ಮಾತ್ರೆ ಇಪ್ಪತ್ತೈದು ಎಣಿಸಿ ಹಾಕಿದ್ದೆ. ಇನ್ನೂ ದಪ್ಪ ಆಗಲಿ ಅಂತ ಒಲೆ ಮೇಲೇ ಬಿಟ್ಟೆ. ಬಡಿಸಿದಾಗ ಗಂಜಿ! ತುಂಬಾ ಹೊತ್ತು ಕುದಿಸಿದರೆ ಆಸ್ಪರ್ಟೇಮ್ ಒಡೆಯುತ್ತೆ, ಸಿಹಿ ಹೋಗುತ್ತೆ. ಬೋರ್ಡಿನ ಮೇಲೆ ನಾನೇ ಬರೆದು ತೋರಿಸುತ್ತಿದ್ದ ವಿಷಯ. ಒಲೆಯ ಮುಂದೆ ನೆನಪಾಗಲಿಲ್ಲ. ಬಿಸಿ ಅಡುಗೆಗೆ ಸುಕ್ರಲೋಸ್ ವಾಸಿ. ಸಕ್ಕರೆಯ ಅಣುವಿನಲ್ಲಿ ಮೂರು ಕಡೆ ಕ್ಲೋರಿನ್ ಕೂರಿಸಿ ಮಾಡುವುದು, ಸಿಹಿ 600 ಪಟ್ಟು. ಕ್ಲೋರಿನ್ ಅಂದೆ ಅಂತ ನಮ್ಮ ಹಿರಿಯರಿಗೆ ಹೇಳಬೇಡಿ, ಆಂಬುಲೆನ್ಸ್ ಕರೆದಾರು.

ರಾತ್ರಿ ಮಾವನ ಬೆರಳು ಚುಚ್ಚಿ ನೋಡಿದರೆ 291. ಗುರುಗುಟ್ಟಿಕೊಂಡು ಮೀಟರನ್ನು ಅವರ ಮುಖದ ಮುಂದೆ ಹಿಡಿದೆ. ಕನ್ನಡಕ ಏರಿಸಿ ನೋಡಿದರು. ಆಮೇಲೆ ಮೆಲ್ಲಗೆ, "ಕಾಫಿ ಮಾತ್ರ ಚೆನ್ನಾಗಿತ್ತು ಕಣಪ್ಪಾ" ಅಂದರು.