ಊಟಕ್ಕೆ ಹೋದ ಓಪನ್

1744ರಲ್ಲಿ ಎಡಿನ್‌ಬರಾದ ಗಾಲ್ಫ್ ಮಹನೀಯರು ಲೀತ್ ಬಂದರಿನ ಬಯಲಿನಲ್ಲಿ ಪಂದ್ಯವೊಂದನ್ನು ಏರ್ಪಡಿಸಿ, ಅದಕ್ಕೆಂದು 13 ನಿಯಮಗಳನ್ನು ಬರೆದಿಟ್ಟರು. ಇಂದಿಗೆ ಉಳಿದು ಬಂದಿರುವ ಗಾಲ್ಫ್ ನಿಯಮಾವಳಿಗಳಲ್ಲಿ ಅದೇ ಹಳೆಯದು. ಅದರ ಹತ್ತನೇ ನಿಯಮವನ್ನು ಓದಬೇಕು. ಹೊಡೆದ ಚೆಂಡನ್ನು ಮನುಷ್ಯನಾಗಲಿ, ಕುದುರೆಯಾಗಲಿ, ನಾಯಿಯಾಗಲಿ, ಇನ್ನೇನೇ ಆಗಲಿ ತಡೆದರೆ, ಚೆಂಡು ನಿಂತಲ್ಲಿಂದಲೇ ಆಡತಕ್ಕದ್ದು. ಕುದುರೆಯನ್ನು ನೆನೆದರು, ನಾಯಿಯನ್ನು ನೆನೆದರು. ಹೆಂಗಸೊಬ್ಬಳು ಬಂದು ‘ನನ್ನನ್ನೂ ಸದಸ್ಯೆ ಮಾಡಿಕೊಳ್ಳಿ’ ಎಂದರೆ ಏನು ಮಾಡಬೇಕೆಂಬುದನ್ನು ಮಾತ್ರ ಹದಿಮೂರರಲ್ಲಿ ಒಂದರಲ್ಲೂ ಬರೆಯಲಿಲ್ಲ. ಉತ್ತರ ಹುಡುಕಲು ಅದೇ ಸಂಸ್ಥೆಗೆ 273 ವರ್ಷ ಹಿಡಿಯಿತು.

ಸಂಸ್ಥೆಯ ಈಗಿನ ಪೂರ್ತಿ ಹೆಸರು ‘ದಿ ಆನರಬಲ್ ಕಂಪನಿ ಆಫ್ ಎಡಿನ್‌ಬರಾ ಗಾಲ್ಫರ್ಸ್’. ಹೆಸರಿನಲ್ಲಿ ಎಡಿನ್‌ಬರಾ ಇದ್ದರೂ ವಾಸ ಅಲ್ಲಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ದೂರದ ಗಲನ್ ಊರಿನ ಪಕ್ಕದಲ್ಲಿ, ಮ್ಯೂರ್‌ಫೀಲ್ಡ್ ಎಂಬ ಅಂಕಣದಲ್ಲಿ. ಗಾಲ್ಫಿನ ನಾಲ್ಕು ಮೇಜರ್‌ಗಳಲ್ಲಿ, ಅಂದರೆ ಅತಿ ದೊಡ್ಡ ಪಂದ್ಯಾವಳಿಗಳಲ್ಲಿ, ಎಲ್ಲಕ್ಕಿಂತ ಹಿರಿಯದಾದ ಓಪನ್ ಚಾಂಪಿಯನ್‌ಷಿಪ್ ಇಲ್ಲಿ 1892ರಿಂದ 2013ರವರೆಗೆ 16 ಸಲ ನಡೆದಿದೆ. ಗೆದ್ದವರ ಪಟ್ಟಿಯಲ್ಲಿ ನಿಕ್ಲಾಸ್, ಪ್ಲೇಯರ್, ಟ್ರೆವಿನೊ, ವಾಟ್ಸನ್, ಎರಡು ಸಲ ಫಾಲ್ಡೊ, ಎಲ್ಸ್, ಮಿಕೆಲ್ಸನ್ ಇದ್ದಾರೆ. ವೃತ್ತಿಪರರ ಇಷ್ಟು ದೊಡ್ಡ ಜಾತ್ರೆ ನಡೆಸುವ ಕ್ಲಬ್ಬಿನಲ್ಲಿ ಬಹುಕಾಲ ತನ್ನದೇ ಆದ ವೃತ್ತಿಪರ ತರಬೇತುದಾರನೂ ಇರಲಿಲ್ಲ, ಚೆಂಡು, ಕೈಗವಸು ಮಾರುವ ಅಂಗಡಿಯೂ ಇರಲಿಲ್ಲ. ಹೊಟ್ಟೆಪಾಡಿಗಾಗಿ ಆಡುವವರು ಬಂದು, ಆಡಿ, ಕಪ್ಪು ಎತ್ತಿಕೊಂಡು ಹೊರಡಬಹುದಿತ್ತು, ಬೇರು ಬಿಡುವಂತಿರಲಿಲ್ಲ.

ಓಪನ್ ಇಲ್ಲಿಗೆ ಬಂದದ್ದಾದರೂ ಹೇಗೆ? ಅದೂ ಒಂದು ಸ್ವಾರಸ್ಯ. ಲೀತ್‌ನಲ್ಲಿ ಐದೇ ಹೋಲ್‌ಗಳಿದ್ದವು, ಅಂದರೆ ಚೆಂಡನ್ನು ಹೊಡೆಯುತ್ತ ಕುಳಿಗೆ ಸೇರಿಸುವ ಐದೇ ಹಾದಿಗಳು. ಜನಸಂದಣಿ ಹೆಚ್ಚಿತು. 1836ರಲ್ಲಿ ಕಂಪನಿ ಮಸಲ್‌ಬರಾಗೆ ಹೋಯಿತು. ಅಲ್ಲಿ ಒಂಬತ್ತು ಹೋಲ್‌ಗಳು. ಕುದುರೆ ರೇಸಿನ ಬಯಲಿನ ನಡುವೆ, ಬೇರೆ ಕ್ಲಬ್ಬುಗಳ ಜೊತೆ ಹಂಚಿಕೊಂಡು ಆಡುವ ಸಾರ್ವಜನಿಕ ಜಾಗ. ಸಾರ್ವಜನಿಕರು ಇರುವ ಜಾಗದಲ್ಲಿ ಆಗುವ ತೊಂದರೆ ಗೊತ್ತೇ ಇದೆ: ಸಾರ್ವಜನಿಕರು ಇರುತ್ತಾರೆ. 1891ರಲ್ಲಿ ಕಂಪನಿ ತನ್ನದೇ ಆದ ಮ್ಯೂರ್‌ಫೀಲ್ಡನ್ನು ತೆರೆದು ಗಂಟುಮೂಟೆ ಕಟ್ಟಿತು. ಆಗ ಓಪನ್ ಇದ್ದದ್ದು ಮೂರು ಕ್ಲಬ್ಬುಗಳ ಪಾಲಿನಲ್ಲಿ: ಪ್ರೆಸ್ಟ್ವಿಕ್, ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಷೆಂಟ್ ಮತ್ತು ಈ ಕಂಪನಿ. ಹಕ್ಕು ಕ್ಲಬ್ಬಿನದು, ಬಯಲಿನದಲ್ಲ. ಹಾಗಾಗಿ ಮಸಲ್‌ಬರಾ ಸರದಿಯ ಓಪನ್ ಕುರ್ಚಿ, ಮೇಜು, ಪಾತ್ರೆಗಳ ಜೊತೆಗೇ ಗಾಡಿ ಹತ್ತಿತು. ಆರು ಸಲ ಓಪನ್ ನಡೆಸಿದ್ದ ಊರು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತಿತು. ಸುಮ್ಮನಿರದೆ 100 ಪೌಂಡ್ ಬಹುಮಾನದ ಎದುರು ಪಂದ್ಯಾವಳಿಯನ್ನೂ ಕರೆಯಿತು. ಕಂಪನಿ ತನ್ನ ಬಹುಮಾನದ ಮೊತ್ತವನ್ನೂ ಏರಿಸಬೇಕಾಯಿತು. ಅಷ್ಟೆಲ್ಲ ಏರಿಸಿದ ಮೇಲೆ ಗೆದ್ದವನು ಹೆರಾಲ್ಡ್ ಹಿಲ್ಟನ್ ಎಂಬ ಹವ್ಯಾಸಿ. ಅವನಿಗೆ ದುಡ್ಡು ಮುಟ್ಟುವಂತಿರಲಿಲ್ಲ. ಸೇಂಟ್ ಆಂಡ್ರೂಸ್‌ನ ಆಟಗಾರ ಆಂಡ್ರ್ಯೂ ಕರ್ಕಾಲ್ಡಿ ಹೊಸ ಅಂಕಣವನ್ನು ನೀರು ನಿಲ್ಲುವ ಹಳೇ ಹುಲ್ಲುಗಾವಲು ಎಂದು ಹೀಗಳೆದ. ಬೈಗುಳ ಒಣಗಿತು, ನೆಲವೂ ಒಣಗಿತು. 1920ರ ದಶಕದಲ್ಲಿ ಅಂಕಣ ವಿನ್ಯಾಸಕ ಹ್ಯಾರಿ ಕೋಲ್ಟ್ ತಿದ್ದಿದ ಮೇಲೆ ಅದು ಜಗತ್ತಿನ ಉತ್ತಮ ಅಂಕಣಗಳಲ್ಲಿ ಒಂದಾಯಿತು. ಇದನ್ನು ವಿಡಂಬನೆಯಲ್ಲಿ ಹೇಳಲಾಗದು, ನಿಜವಾಗಿಯೂ ಚೆನ್ನಾಗಿದೆ. ಹೊರಸುತ್ತಿನ ಒಂಬತ್ತು ಹೋಲ್‌ಗಳು ಗಡಿಯಾರದ ಮುಳ್ಳಿನ ದಿಕ್ಕಿಗೆ, ಒಳಸುತ್ತಿನ ಒಂಬತ್ತು ಅದಕ್ಕೆ ಎದುರಾಗಿ. ಕಡಲ ಗಾಳಿ ಒಂದೇ ಕಡೆಯಿಂದ ಬೀಸುತ್ತಿದ್ದರೂ ಆಟಗಾರನಿಗೆ ಎದುರಿನಿಂದ, ಬೆನ್ನಿನಿಂದ, ಪಕ್ಕದಿಂದ ಸರದಿಯಂತೆ ಬಡಿಯುತ್ತದೆ. ಗಾಳಿಯ ವಿಷಯದಲ್ಲಿ ಕಂಪನಿ ಯಾರಿಗೂ ಭೇದ ಮಾಡಿದ್ದಿಲ್ಲ.

ಬಿಟ್ಟುಬಂದ ಮಸಲ್‌ಬರಾದ ಇನ್ನೊಂದು ದಾಖಲೆ ಇಲ್ಲಿ ಪ್ರಸ್ತುತ. 1810ರ ಡಿಸೆಂಬರ್‌ನಲ್ಲಿ ಆ ಊರಿನ ಗಾಲ್ಫ್ ಕ್ಲಬ್ಬಿನವರು ಹೊಸ ವರ್ಷಕ್ಕೆ ಒಂದು ಸ್ಪರ್ಧೆ ಇಟ್ಟರು. ಆಡುವವರು ಊರಿನ ಮೀನು ಮಾರುವ ಹೆಂಗಸರು. ಗೆದ್ದವಳಿಗೆ ಹೊಸ ಮೀನುಬುಟ್ಟಿ. ಜೊತೆಗೆ ಒಳ್ಳೆಯ ಜಾತಿಯ ಎರಡು ಬಾರ್ಸಿಲೋನಾ ರೇಷ್ಮೆ ಕರವಸ್ತ್ರ. ಅಂದರೆ ಬೆನ್ನ ಮೇಲೆ ಮೀನು ಹೊತ್ತು ಊರೂರು ತಿರುಗುವ ಹೆಂಗಸರು ಬಿಡುವಿನಲ್ಲಿ ಗಾಲ್ಫ್ ಆಡಿ ಮುಗಿಸಿದ ಎರಡು ಶತಮಾನದ ಮೇಲೆ, ಹೆಂಗಸರಿಗೆ ಇದು ಆಗಿಬರುವ ಆಟವೇ ಎಂಬ ಚಿಂತೆ ಪಕ್ಕದ ಮ್ಯೂರ್‌ಫೀಲ್ಡಿನಲ್ಲಿ ಶುರುವಾಯಿತು.

ಹಾಗೆಂದು ಅಂಕಣಕ್ಕೆ ಹೆಣ್ಣು ಕಾಲಿಡುವಂತೆಯೇ ಇರಲಿಲ್ಲ ಎಂದುಕೊಳ್ಳಬೇಡಿ. ಬ್ರಿಟನ್ ಮತ್ತು ಐರ್ಲೆಂಡಿನ ಮಹಿಳೆಯರು ಅಮೆರಿಕದ ಮಹಿಳೆಯರೊಂದಿಗೆ ಆಡುವ ಕರ್ಟಿಸ್ ಕಪ್ 1952ರಲ್ಲೂ 1984ರಲ್ಲೂ ಇಲ್ಲೇ ನಡೆಯಿತು. ಅತಿಥಿಯಾಗಿ, ದುಡ್ಡು ತೆತ್ತ ಪ್ರವಾಸಿಯಾಗಿ ಆಡಬಹುದಿತ್ತು. ಸದಸ್ಯೆ ಮಾತ್ರ ಆಗುವಂತಿರಲಿಲ್ಲ. ಕಾನೂನೂ ಇದಕ್ಕೆ ಅಡ್ಡಿ ಮಾಡಲಿಲ್ಲ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯ ಪ್ರಕಾರ ಕ್ಲಬ್ಬೊಂದು ಪೂರ್ತಿ ಗಂಡಸರದೇ ಆಗಿದ್ದರೆ ತಪ್ಪಿಲ್ಲ. ಹೆಂಗಸರನ್ನು ಸೇರಿಸಿಕೊಂಡು ಆಮೇಲೆ ಅವರಿಗೆ ಕಡಿಮೆ ಸೌಲಭ್ಯ ಕೊಟ್ಟರೆ ತಪ್ಪು. ಪೂರ್ತಿ ಮುಚ್ಚಿದ ಬಾಗಿಲಿಗೆ ದಂಡವಿಲ್ಲ, ಅರ್ಧ ತೆರೆದ ಬಾಗಿಲಿಗೆ ಉಂಟು. ಮಹನೀಯರು ಕಾನೂನಿಗೆ ತಲೆಬಾಗಿ ಬಾಗಿಲನ್ನು ಪೂರ್ತಿ ಮುಚ್ಚಿಕೊಂಡರು.

ಹೊರಗಿನವರನ್ನು ಹೊರಗಿಡುವುದರಲ್ಲಿ ಕಂಪನಿಗೆ ಹಳೇ ಅನುಭವ. 1968ರಿಂದ 1983ರವರೆಗೆ ಕಾರ್ಯದರ್ಶಿಯಾಗಿದ್ದ, ನೌಕಾಪಡೆಯಿಂದ ನಿವೃತ್ತರಾದ ಕ್ಯಾಪ್ಟನ್ ಪ್ಯಾಡಿ ಹ್ಯಾನ್ಮರ್ ಈ ಕಲೆಯಲ್ಲಿ ಹೆಸರಾದವರು. 1980ರಲ್ಲಿ ಓಪನ್ ಗೆದ್ದ ಟಾಮ್ ವಾಟ್ಸನ್ ಅಂದೇ ಸಂಜೆ ಗೆಳೆಯ ಬೆನ್ ಕ್ರೆನ್‌ಶಾ ಜೊತೆ ಹಿಕರಿ ಮರದ ಹಳೇ ಕೋಲು ಹಿಡಿದು ಖುಷಿಗೆಂದು ಅಂಕಣಕ್ಕಿಳಿದರೆ, ಇಬ್ಬರಿಗೂ ಹ್ಯಾನ್ಮರ್ ಅವರಿಂದ ಬೈಗುಳ. ಹಗಲು ಆಡಿದ್ದು ಪಂದ್ಯ, ಸಂಜೆ ಆಡಿದ್ದು ಅತಿಕ್ರಮಣ. ಚಾಂಪಿಯನ್ನನಿಗೇ ಈ ಗತಿ.

ಇನ್ನು 2016ಕ್ಕೆ ಬರೋಣ. ಹವಾ ಬದಲಾಗಿತ್ತು. 2013ರ ಓಪನ್‌ಗೆ ಸ್ಕಾಟ್ಲೆಂಡಿನ ಫಸ್ಟ್ ಮಿನಿಸ್ಟರ್ ಅಲೆಕ್ಸ್ ಸಾಮಂಡ್ ಗಂಡಸರದೇ ಕ್ಲಬ್ಬು ಎಂಬ ಕಾರಣಕ್ಕೆ ದೂರ ಉಳಿದಿದ್ದರು. ರಾಯಲ್ ಅಂಡ್ ಏನ್ಷೆಂಟ್ ಕ್ಲಬ್ 260 ವರ್ಷಗಳ ಮೇಲೆ, 2014ರ ಸೆಪ್ಟೆಂಬರ್ 18ರಂದು, ಹೆಂಗಸರನ್ನು ಸೇರಿಸಿಕೊಳ್ಳಲು ಒಪ್ಪಿತ್ತು. ಅದೇ ದಿನ ಸ್ಕಾಟ್ಲೆಂಡ್ ತಾನು ಬ್ರಿಟನ್ ಬಿಡಬೇಕೇ ಎಂದೂ ಮತ ಹಾಕಿತು. ದೇಶ ಬೇಡವೆಂದಿತು, ಕ್ಲಬ್ಬು ಬೇಕೆಂದಿತು. ಮ್ಯೂರ್‌ಫೀಲ್ಡಿನವರೂ ಮತಕ್ಕಿಟ್ಟರು. ಅದಕ್ಕೆ ಮೊದಲು 33 ಸದಸ್ಯರು ಸಹ-ಸದಸ್ಯರಿಗೆ ಒಂದು ಪತ್ರ ಬರೆದರು. ಹೆಂಗಸರು ಬಂದರೆ ಮೂರಕ್ಕೆ ಅಪಾಯ ಎಂಬುದು ಅದರ ಸಾರ: ಫೋರ್ಸಮ್ಸ್ ಆಟ, ಆಟದ ವೇಗ ಮತ್ತು ಮಧ್ಯಾಹ್ನದ ಊಟದ ವ್ಯವಸ್ಥೆ.

ಅಪಾಯವೆಂದ ಮೇಲೆ ತಪಾಸಣೆ ಮಾಡಲೇಬೇಕು. ಫೋರ್ಸಮ್ಸ್ ಅಂದರೆ ನಾಲ್ವರು, ಇಬ್ಬಿಬ್ಬರ ಎರಡು ಜೋಡಿ, ಜೋಡಿಗೆ ಒಂದೇ ಚೆಂಡು. ಬೆಸ ಸಂಖ್ಯೆಯ ಹೋಲ್‌ಗಳಲ್ಲಿ ಒಬ್ಬ ಟೀಯಿಂದ, ಅಂದರೆ ಹೋಲ್ ಶುರುವಾಗುವ ಜಾಗದಿಂದ, ಹೊಡೆದರೆ ಸಮ ಸಂಖ್ಯೆಯವುಗಳಲ್ಲಿ ಇನ್ನೊಬ್ಬ. ಅಲ್ಲಿಂದ ಮುಂದೆ ಒಂದು ಇವನದು, ಒಂದು ಅವನದು. ಜೋಡಿಗೆ 80 ಹೊಡೆತ ಎಂದಿಟ್ಟುಕೊಂಡರೆ ನಾಲ್ವರೂ ಸೇರಿ 160. ಅದೇ ನಾಲ್ವರು ತಮ್ಮ ತಮ್ಮ ಚೆಂಡು ಆಡಿದರೆ 320. ವೇಗದ ಗುಟ್ಟು ಅರ್ಧ ಇಲ್ಲಿದೆ, ಇನ್ನರ್ಧ ನಡಿಗೆಯಲ್ಲಿ. ಒಬ್ಬ ಟೀ ಮೇಲೆ ಕೋಲು ಬೀಸುತ್ತಿರುವಾಗಲೇ ಅವನ ಜೊತೆಗಾರ ಚೆಂಡು ಬೀಳುವ ಜಾಗಕ್ಕೆ ಹೋಗಿ ನಿಂತಿರಬೇಕು. ಆಗ 18 ಹೋಲ್ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಕೆಡುವುದು ಎಲ್ಲಿ? ಸರದಿ ತಪ್ಪಿ ಹೊಡೆದರೆ, ಒಂದೊಂದು ಹೋಲನ್ನೂ ಬೇರೆ ಬೇರೆಯಾಗಿ ಗೆಲ್ಲುವ ಮ್ಯಾಚ್ ಪ್ಲೇಯಲ್ಲಿ ಆ ಹೋಲೇ ಹೋಯಿತು. ಟೀಯಿಂದ ಹೊಡೆದದ್ದು ಗಡಿ ದಾಟಿದರೆ ಮರುಹೊಡೆತ ಹೊಡೆದವನದಲ್ಲ, ಜೊತೆಗಾರನದು. ಇದನ್ನು ಮರೆತು ಎಡವುವವರೇ ಹೆಚ್ಚು. ಮುಂದೆ ನಿಂತವನು ಅಷ್ಟು ದೂರ ವಾಪಸು ನಡೆದು ಬರಬೇಕು, ಬರುವಾಗ ಮುಖ ನೋಡುವಂತಿರುತ್ತದೆ. ನಿಯಮ ಪುಸ್ತಕದಲ್ಲಿ ಇಷ್ಟೇ ಇರುವುದು. ಎಣಿಸಲು ಬರಬೇಕು, ನಡೆಯಲು ಬರಬೇಕು, ಜೊತೆಗಾರನ ತಪ್ಪಿಗೆ ಸುಮ್ಮನಿರಲು ಬರಬೇಕು. ಈ ಮೂರರಲ್ಲಿ ಹೆಂಗಸರಿಗೆ ಬಾರದ್ದು ಯಾವುದೆಂದು ಪತ್ರದಲ್ಲಿ ಬಿಡಿಸಿ ಹೇಳಿಲ್ಲ. ಮೂರನೆಯದರಲ್ಲಂತೂ ಅವರಿಗಿರುವಷ್ಟು ಅಭ್ಯಾಸ ಇನ್ಯಾರಿಗೂ ಇರಲಾರದು.

ಉಳಿದದ್ದು ಊಟ. ಮ್ಯೂರ್‌ಫೀಲ್ಡಿನ ದಿನಚರಿಯ ನಡುಗಂಬವೇ ಅದು. ಬೆಳಿಗ್ಗೆ ಒಂದು ಸುತ್ತು, ಕೋಟು-ಟೈ ಏರಿಸಿಕೊಂಡು ಪುಷ್ಕಳ ಭೋಜನ, ಮಧ್ಯಾಹ್ನ ಮತ್ತೆ ಫೋರ್ಸಮ್ಸ್. ಬೆಳಗಿನ ಸುತ್ತು ಎರಡೂವರೆ ಗಂಟೆಯಲ್ಲಿ ಮುಗಿದರೆ ಬಿಸಿ ಮಾಂಸ, ನಾಲ್ಕು ಗಂಟೆಗೆ ಎಳೆದರೆ ತಣ್ಣಗಿನದು. ಹಾಗಾಗಿ ಆಟದ ವೇಗವೂ ಊಟದ ವ್ಯವಸ್ಥೆಯೂ ಎರಡು ಅಪಾಯಗಳಲ್ಲ, ಒಂದೇ. ಪಂಕ್ತಿಭೇದ ನಮ್ಮ ಕಡೆಯ ವಿದ್ಯೆಯೆಂದೇ ತಿಳಿದಿದ್ದೆವು. ನಾರ್ತ್ ಸೀ ದಂಡೆಯಲ್ಲಿ ಟೈ ಕಟ್ಟಿಕೊಂಡೂ ಅದನ್ನು ಮಾಡುತ್ತಿದ್ದರು.

ಪಕ್ಕದ ನಾರ್ತ್ ಬೆರಿಕ್ ಊರಿನಲ್ಲಿ ಬೆಳೆದವರು ಕ್ಯಾಟ್ರಿಯೋನಾ ಮ್ಯಾಥ್ಯೂ. ಎರಡನೇ ಮಗು ಹೆತ್ತು 11 ವಾರಗಳಲ್ಲಿ, 2009ರಲ್ಲಿ, ಮಹಿಳಾ ಬ್ರಿಟಿಷ್ ಓಪನ್ ಗೆದ್ದವರು. ಮನೆಯಿಂದ ಕೆಲವೇ ಮೈಲಿ ದೂರದ ಈ ಕ್ಲಬ್ಬಿನ ಪಂಕ್ತಿಗೆ ಅಂದು ಇಂಥವರೂ ಕೂಡುವಂತಿರಲಿಲ್ಲ. ಅದೇ 2016ರ ಆಗಸ್ಟ್‌ನಲ್ಲಿ, 112 ವರ್ಷಗಳ ಮೇಲೆ ಗಾಲ್ಫ್ ಒಲಿಂಪಿಕ್ಸ್‌ಗೆ ಮರಳಿದಾಗ ಬೆಂಗಳೂರಿನ ಹದಿನೆಂಟರ ಹುಡುಗಿ ಅದಿತಿ ಅಶೋಕ್ ರಿಯೊದಲ್ಲಿ ಆಡಿದಳು. ಜಗತ್ತಿನ ಕಣ್ಣಿಗೆ ಅವಳು ಆಟಗಾರ್ತಿ. ಮೂವತ್ತಮೂರು ಮಹನೀಯರ ಲೆಕ್ಕದಲ್ಲಿ ಊಟ ತಡವಾಗಿಸಬಲ್ಲವಳು.

ಮತ ಎಣಿಕೆಯ ಫಲಿತಾಂಶ ಮೇ 19ರಂದು ಹೊರಬಿತ್ತು. ಬಿದ್ದ ಮತ 616. ಸೇರಿಸಿಕೊಳ್ಳೋಣ ಎಂದವರು 397, ಬೇಡವೆಂದವರು 219. ಗೆದ್ದವರು ಯಾರು? 219. ಕ್ಲಬ್ಬಿನ ನಿಯಮದಂತೆ ಮೂರನೇ ಎರಡರಷ್ಟು ಬಹುಮತ ಬೇಕು, ಅಂದರೆ 411. ಹದಿನಾಲ್ಕು ಕಡಿಮೆ ಬಿತ್ತು. ಸಂವಿಧಾನ ತಿದ್ದಲು ಬೇಕಾದಷ್ಟು ಬಲವನ್ನು ಇಲ್ಲಿ ಊಟದ ಮೇಜಿಗೆ ಇನ್ನೊಂದು ಕುರ್ಚಿ ಹಾಕಲು ಕೇಳಿದ್ದರು. ನೂರಕ್ಕೆ 64 ಜನ ಒಪ್ಪಿದ್ದನ್ನು ಕ್ಲಬ್ಬಿನ ಕ್ಯಾಪ್ಟನ್ ಪತ್ರಕರ್ತರೆದುರು ನಿಂತು ತಿರಸ್ಕಾರವೆಂದು ಓದಬೇಕಾಯಿತು.

ರಾಯಲ್ ಅಂಡ್ ಏನ್ಷೆಂಟ್ ಕ್ಲಬ್ಬಿನಿಂದಲೇ ಹುಟ್ಟಿ ಈಗ ಓಪನ್ ನಡೆಸುವ ಆರ್ ಅಂಡ್ ಎ ಸಂಸ್ಥೆ ಅಂದೇ, ಕೆಲವೇ ಗಂಟೆಗಳಲ್ಲಿ, ಹೆಂಗಸರನ್ನು ಸದಸ್ಯರಾಗಿ ಸೇರಿಸದ ಅಂಕಣದಲ್ಲಿ ಓಪನ್ ನಡೆಯದು ಎಂದು ಸಾರಿತು. 1891ರಲ್ಲಿ ತಮ್ಮ ಪಾಲಿನದೆಂದು ಗಾಡಿಗೆ ಹೇರಿಕೊಂಡು ಬಂದದ್ದನ್ನು 125 ವರ್ಷದ ಮೇಲೆ ಬೇರೊಬ್ಬರು ಅಷ್ಟೇ ಸಲೀಸಾಗಿ ಇಳಿಸಿಕೊಂಡು ಹೋದರು. ಮಸಲ್‌ಬರಾದಲ್ಲಿ ಅಂದು ಯಾರಾದರೂ ಮನಸಾರೆ ನಕ್ಕಿದ್ದರೆ ಅದು ಅವರ ಹಕ್ಕು. ಅಡಿಕೆಗೆ ಹೋದ ಮಾನದ ಗಾದೆ ನಮ್ಮಲ್ಲಿದೆ; ಇಲ್ಲಿ ಹೋದದ್ದು ಹುರಿದ ಮಾಂಸಕ್ಕೆ. ಇತ್ತ ರಾಯಲ್ ಟ್ರೂನ್ ಕ್ಲಬ್ ಜುಲೈನಲ್ಲಿ ತನ್ನ ಅಂಗಳದಲ್ಲಿ ಓಪನ್ ಶುರುವಾಗಲು ಎರಡು ವಾರವಿರುವಾಗ ಮತ ಹಾಕಿ ಹೆಂಗಸರಿಗೆ ಬಾಗಿಲು ತೆರೆಯಿತು. ನೆರೆಮನೆಗೆ ಬಿದ್ದ ಬೆಂಕಿ ಕಂಡು ತನ್ನ ಮಾಡಿಗೆ ನೀರು ಹಾಕುವುದು ಜಾಣತನವೇ.

ಮ್ಯೂರ್‌ಫೀಲ್ಡಿನ ಆತ್ಮಾವಲೋಕನ ಹತ್ತು ತಿಂಗಳು ನಡೆಯಿತು. 2017ರ ಮಾರ್ಚ್ 14ರಂದು ಎರಡನೇ ಮತದ ಫಲಿತಾಂಶ: ಪರ 498, ವಿರೋಧ 123. ನೂರಕ್ಕೆ ಎಂಬತ್ತು. ಮೊದಲಿಗಿಂತ ಬಿದ್ದ ಮತ ಐದೇ ಹೆಚ್ಚು, ಪರವಾದ ಮತ ಮಾತ್ರ 101 ಹೆಚ್ಚು, ವಿರೋಧದ್ದು 96 ಕಡಿಮೆ. ಈ ನಡುವೆ ಫೋರ್ಸಮ್ಸ್ ನಿಯಮ ಬದಲಾಗಿರಲಿಲ್ಲ, ಹೆಂಗಸರ ನಡಿಗೆ ಚುರುಕಾಗಿರಲಿಲ್ಲ, ಅಡುಗೆಮನೆಯನ್ನು ವಿಸ್ತರಿಸಿದ ಸುದ್ದಿಯೂ ಇಲ್ಲ. ಓಪನ್ ಕೈಬಿಟ್ಟಿತ್ತು, ಅಷ್ಟೆ. ತೊಂಬತ್ತಾರು ತತ್ವಗಳು ಆ ಒಂದೇ ಔಷಧಕ್ಕೆ ಕರಗಿದವು. ಇನ್ನೂ ಬೇಡವೆಂದ 123 ಮಂದಿಯನ್ನು ಹಾಗೆ ಹಂಗಿಸುವಂತಿಲ್ಲ. ಓಪನ್ ಹೋದರೂ ಸರಿ, ಊಟ ಆರಬಾರದು ಎಂದವರು ಅವರು. ಅಷ್ಟು ಪ್ರಾಮಾಣಿಕ ಹಸಿವು ಅಪರೂಪ.

ಆರ್ ಅಂಡ್ ಎ ಅಂದೇ ಮ್ಯೂರ್‌ಫೀಲ್ಡನ್ನು ಓಪನ್ ಪಟ್ಟಿಗೆ ಮರಳಿ ಸೇರಿಸಿತು. ಹೆಂಗಸರು ಮಾತ್ರ ಅಂದೇ ಒಳಗೆ ಬರಲಿಲ್ಲ. ಸದಸ್ಯತ್ವಕ್ಕೆ ಹೆಸರು ಸೂಚಿಸಬೇಕು, ಅನುಮೋದಿಸಬೇಕು, ಸರದಿಯಲ್ಲಿ ಕಾಯಬೇಕು. ಮೊದಲ 12 ಮಹಿಳೆಯರಿಗೆ ಆಹ್ವಾನ ಹೋದದ್ದು 2019ರಲ್ಲಿ. ಮತದಿಂದ ಮೇಜಿಗೆ ಎರಡು ವರ್ಷದ ಮೇಲಿನ ದಾರಿ. ಆಟದ ವೇಗ ಕೆಡುತ್ತದೆಂದು ಗಾಬರಿಯಾದವರ ಕ್ಲಬ್ಬಿನಲ್ಲಿ.

2022ರ ಆಗಸ್ಟ್‌ನಲ್ಲಿ ಮಹಿಳೆಯರ ಓಪನ್ ಮ್ಯೂರ್‌ಫೀಲ್ಡಿಗೆ ಬಂತು. ಐದು ಹೊಡೆತಗಳ ಮುನ್ನಡೆಯಿಂದ ಕೊನೆಯ ದಿನ ಶುರು ಮಾಡಿದ ದಕ್ಷಿಣ ಆಫ್ರಿಕಾದ ಆಶ್ಲಿ ಬುಹಾಯ್ 15ನೇ ಹೋಲ್‌ನಲ್ಲಿ ಟ್ರಿಪಲ್ ಬೋಗಿ, ಅಂದರೆ ನಿಗದಿಗಿಂತ ಮೂರು ಹೊಡೆತ ಹೆಚ್ಚು, ಮಾಡಿಕೊಂಡು, ಕೊರಿಯಾದ ಇನ್ ಜೀ ಚುನ್ ಜೊತೆ ಸಮಬಲವಾಗಿ, ಗೆದ್ದವರನ್ನು ತೀರ್ಮಾನಿಸುವ ಪ್ಲೇಆಫ್‌ಗೆ ಬಂದರು. ಹದಿನೆಂಟನೇ ಹೋಲನ್ನು ಇಬ್ಬರೂ ನಾಲ್ಕು ಸಲ ಆಡಿದರು. ಬುಹಾಯ್ ಬಂಕರಿನಿಂದ, ಅಂದರೆ ಮರಳು ಗುಂಡಿಯಿಂದ, ಎತ್ತಿದ ಚೆಂಡು ಹೋಲ್ ಪಕ್ಕಕ್ಕೇ ಬಂದು ನಿಂತಾಗ ರಾತ್ರಿ ಒಂಬತ್ತು ದಾಟಿ ಕತ್ತಲು ಕವಿಯುತ್ತಿತ್ತು. ಮಧ್ಯಾಹ್ನದ ಊಟಕ್ಕಲ್ಲ, ರಾತ್ರಿ ಊಟಕ್ಕೂ ತಡ. ಜನ ಎದ್ದು ಹೋಗಲಿಲ್ಲ.

ಗಂಡಸರ ಓಪನ್ ಮಾತ್ರ 2013ರಿಂದ ಈಚೆಗೆ ಮ್ಯೂರ್‌ಫೀಲ್ಡಿನ ಕಡೆ ತಲೆ ಹಾಕಿಲ್ಲ. ಬಾಗಿಲು ತೆರೆದ ಮೇಲೆ ಕಾರ್ನೂಸ್ಟಿ, ಸೇಂಟ್ ಜಾರ್ಜ್ಸ್, ಸೇಂಟ್ ಆಂಡ್ರೂಸ್, ಹಾಯ್‌ಲೇಕ್, ಟ್ರೂನ್ ಎಲ್ಲ ಸುತ್ತಿತು. 1951ರ ನಂತರ 68 ವರ್ಷ ಓಪನ್ನಿನ ಮುಖವನ್ನೇ ಕಾಣದಿದ್ದ ಉತ್ತರ ಐರ್ಲೆಂಡಿನ ಪೋರ್ಟ್‌ರಷ್‌ಗೆ 2019ರಲ್ಲೊಮ್ಮೆ, 2025ರಲ್ಲೊಮ್ಮೆ ಹೋಗಿ ಬಂತು. ಸರದಿ ಪಟ್ಟಿಯಲ್ಲಿ ಹೆಸರಿಟ್ಟುಕೊಂಡು ಕರೆ ಬರುವವರೆಗೆ ಕಾಯುವುದು ಹೇಗೆಂದು ಆನರಬಲ್ ಕಂಪನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಪದ್ಧತಿ ಅವರದೇ.