ಎಕ್ಸ್‌-ರೇ ಲೇಸರ್‌ನ 'ಬಣ್ಣ' ಕಣ್ಣಿಗೆ ಕಾಣುವುದಿಲ್ಲ

'ಎಕ್ಸ್‌-ರೇ ಲೇಸರ್‌ನಿಂದ ಕಾಮನಬಿಲ್ಲಿನ ಮಿಂಚು' ಎಂಬ ಬರಹ, ಜೊತೆಗೊಂದು ಕೆಂಪು-ನೀಲಿ ಚಿತ್ರ ಹರಿದಾಡುತ್ತಿದೆ. ಚಿತ್ರ ಚೆನ್ನಾಗಿದೆ, ವಿಷಯ ತಪ್ಪಾಗಿದೆ. ನಿಜವಾದ ವಿಷಯ, ಲೇಸರ್ ಒಂದರಿಂದ ಬೆನ್ನುಬೆನ್ನಿಗೆ ಹೊಮ್ಮುವ ಎರಡು 'ಬಣ್ಣ'ದ ಎಕ್ಸ್‌-ರೇ ಮಿಂಚುಗಳದ್ದು.

ಇಲ್ಲಿ 'ಬಣ್ಣ' ಅಂದರೆ ತರಂಗದ ಉದ್ದ, ಅಷ್ಟೇ. ನಮಗೆ ಕಾಣುವ ಬೆಳಕು ಸುಮಾರು 400ರಿಂದ 700 ನ್ಯಾನೋಮೀಟರ್. ಗಡಸು (ಹೆಚ್ಚು ಶಕ್ತಿಯ) ಎಕ್ಸ್‌-ರೇ ಸುಮಾರು 0.1 ನ್ಯಾನೋಮೀಟರ್. ಎರಡು ಬಣ್ಣ ಇದ್ದರೂ ಎರಡೂ ಕಾಣುವುದಿಲ್ಲ!

ಒಂದೇ ಕಿರಣವನ್ನು ಪಟ್ಟಕದಲ್ಲಿ ಒಡೆದು ಎರಡು ಬಣ್ಣ ಮಾಡುತ್ತಾರೆ ಎಂಬ ಆ ಬರಹದ ಮಾತೂ ಸರಿಯಲ್ಲ. ಬೆಳಕಿನ ವೇಗಕ್ಕೆ ತೀರಾ ಹತ್ತಿರ ಓಡುವ ಎಲೆಕ್ಟ್ರಾನ್ ಗುಂಪನ್ನು ಅಂಡ್ಯುಲೇಟರ್ ಎಂಬ ಕಾಂತಗಳ ಸಾಲಿನಲ್ಲಿ ಅತ್ತಿತ್ತ ಕುಣಿಸುತ್ತಾರೆ. ಆಗ ಎಕ್ಸ್‌-ರೇ ಹೊಮ್ಮುತ್ತದೆ. ಸಾಲಿನ ಮೊದಲ ಭಾಗದ ಕಾಂತಬಲ ಒಂದು, ಎರಡನೆಯದರದು ಇನ್ನೊಂದು ಇದ್ದರೆ ಎರಡು ಬಣ್ಣ ಸಿಗುತ್ತವೆ. ನಡುವೆ ಎಲೆಕ್ಟ್ರಾನ್‌ಗಳನ್ನು ಮಾತ್ರ ಸ್ವಲ್ಪ ಸುತ್ತುದಾರಿಯಲ್ಲಿ ಕಳಿಸುತ್ತಾರೆ. ಮೊದಲ ಮಿಂಚು ನೇರ ಹೋಗುತ್ತದೆ, ಹಾಗಾಗಿ ಎರಡನೆಯದು ತಡವಾಗುತ್ತದೆ. ಎಷ್ಟು ತಡ? ಕೆಲವು ಫೆಮ್ಟೋಸೆಕೆಂಡ್ ಇರಬಹುದು (ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಫೆಮ್ಟೋಸೆಕೆಂಡ್). ಒಂದು ಫೆಮ್ಟೋಸೆಕೆಂಡಿನಲ್ಲಿ ಬೆಳಕೇ ಸಾಗುವುದು 0.3 ಮೈಕ್ರೋಮೀಟರ್! (ಜಾಣ ಉಪಾಯ, ಅಲ್ವಾ?)

ಇದು ನಿನ್ನೆ ಮೊನ್ನೆಯ ಸುದ್ದಿಯೂ ಅಲ್ಲ. ಅಮೆರಿಕದ ಎಲ್‌ಸಿಎಲ್‌ಎಸ್ ಎಂಬ ಎಕ್ಸ್‌-ರೇ ಲೇಸರ್ ಕೇಂದ್ರ 2009ರಲ್ಲೇ ಶುರುವಾಯಿತು. ಅಲ್ಲೂ ಜಪಾನಿನ ಇಂಥದೇ ಕೇಂದ್ರವಾದ ಸಾಕ್ಲಾದಲ್ಲೂ 2013ರ ಹೊತ್ತಿಗೇ ಎರಡು ಬಣ್ಣದ ಮಿಂಚು ಬಂದಿತ್ತು.

ಉಪಯೋಗ ಸುಮ್ನೆ ತೋರಿಕೆಗಲ್ಲ. ಮೊದಲ ಬಣ್ಣವನ್ನು ಅಣುವಿನ ಒಂದು ಪರಮಾಣುವಿಗೆ ತಾಗಿಸಿ, ಎರಡನೆಯದರಿಂದ ಇನ್ನೊಂದು ಪರಮಾಣುವಿನ ಬಳಿ ಏನಾಯಿತು ಎಂದು ನೋಡಬಹುದು. ಹರಿದಾಡುವ ಬರಹದಲ್ಲಿ ಈ ಮಾತೇ ಇಲ್ಲ.