ನಾಯಕಿಯೇ ಸಪ್ಪೆಯಾದರೆ
ಯಂತ್ರದ ಕೈಕಾಲು ಜೋಡಿಸಿಕೊಂಡ ಹೆಣ್ಣಿನ ಕಥೆಯ ಅಮೆರಿಕನ್ ಟಿವಿ ಸರಣಿ ‘ಬಯಾನಿಕ್ ವುಮನ್’. ಅದರ 2007ರ ಮರುನಿರ್ಮಾಣ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. 1976ರ ಮೂಲ ಸರಣಿಯಲ್ಲಿ ಯಂತ್ರದ ಕೈಕಾಲು ಅಂದರೆ ಸ್ಲೋ ಮೋಷನ್ ಮತ್ತು ಒಂದು ಸದ್ದು, ಅಷ್ಟೇ. ನಂಬಿಸಿದ್ದು ನಾಯಕಿ ಲಿಂಡ್ಸೆ ವ್ಯಾಗ್ನರ್ ಮುಖ. ಟಿವಿ ನಟನೆಗೆ ಕೊಡುವ ಎಮ್ಮಿ ಪ್ರಶಸ್ತಿ ಆಕೆಗೆ ಸುಮ್ಮನೆ ಬರಲಿಲ್ಲ. ಹೊಸದರಲ್ಲಿ ಗ್ರಾಫಿಕ್ಸ್ ಇತ್ತು, ಜೀವ ಇರಲಿಲ್ಲ. ನಾಯಕಿ ಮಿಷೆಲ್ ರಯಾನ್ ಇಂಗ್ಲೆಂಡಿನವರು; ಅಮೆರಿಕನ್ ಉಚ್ಚಾರಣೆ ಹಿಡಿದಿಡುವುದರಲ್ಲೇ ಭಾವ ಸೋರಿಹೋಗಿದೆ. ಎದುರಿಗೆ ಖಳಪಾತ್ರದಲ್ಲಿ ಕೇಟಿ ಸ್ಯಾಕಾಫ್! ಇಬ್ಬರೂ ಒಂದೇ ಫ್ರೇಮಿಗೆ ಬಂದರೆ ಕಣ್ಣು ಹೋಗುವುದು ಆಕೆಯ ಕಡೆಗೇ. ಸಿರ್ಸಿ, ಹೊನ್ನಾವರದ ಕಡೆ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕರ್ಣ ಸಪ್ಪೆಯಾಗಿ ಶಲ್ಯನೇ ಮೆರೆದರೆ ಪ್ರಸಂಗ ಕೆಟ್ಟ ಹಾಗೇ.

ವೈಜ್ಞಾನಿಕ ಕಥೆಯ ನಟರು ಖಾಲಿ ಹಸಿರು ಪರದೆ ನೋಡಿ ಬೆಚ್ಚಬೇಕು; ಅಲ್ಲಿನ ದೃಶ್ಯ ಗ್ರಾಫಿಕ್ಸಿನಲ್ಲಿ ಸೇರುವುದು ಆಮೇಲೆ. ಹಾಗಾಗಿ ನಟರನ್ನು ಆರಿಸುವ ಸ್ಕ್ರೀನ್ ಟೆಸ್ಟಿಗೆ ಮಾತಿನ ದೃಶ್ಯವೊಂದೇ ಸಾಲದು. ಎದುರು ಯಾರೂ ಇಲ್ಲದೆ, ಸಂಭಾಷಣೆಯೂ ಇಲ್ಲದೆ ಎರಡು ನಿಮಿಷ ನಟಿಸಲು ಬಿಟ್ಟು ಕ್ಲೋಸಪ್ಪಿನಲ್ಲಿ ನೋಡಬೇಕು. ಆಮೇಲೆ ನಾಯಕಿ, ಖಳನಾಯಕಿ ಇಬ್ಬರನ್ನೂ ಕೂರಿಸಿ ಪಾತ್ರ ಅದಲುಬದಲು ಮಾಡಿ ಓದಿಸಬೇಕು. ಯಾರು ಯಾವ ಜಾಗದಲ್ಲಿರಬೇಕು ಎಂದು ಅಲ್ಲೇ ಗೊತ್ತಾಗುತ್ತದೆ.

ಹೊಸ ಸರಣಿ 8 ಕಂತಿಗೇ ನಿಂತಿತು. ಆಗ ನಡೆದ ಅಮೆರಿಕದ ಟಿವಿ, ಸಿನಿಮಾ ಬರಹಗಾರರ ಮುಷ್ಕರವನ್ನು ದೂರುವವರಿದ್ದಾರೆ, ಆದರೆ ಪ್ರೇಕ್ಷಕರು ಅದಕ್ಕೂ ಮೊದಲೇ ಕಳಚಿಕೊಳ್ಳತೊಡಗಿದ್ದರು.